ಕೋಟೆಯ ಬಾಗಿಲು ತೆಗೆದದ್ದು ನಾನೇ

ಸಿಂಚನಾ,

ಸಾರು ಬಿಸಿ ಮಾಡಿಕೊಂಡು ಊಟ ಮಾಡು. ಗೇಮ್ ಹಚ್ಚುವ ಮೊದಲು ಇದನ್ನು ಓದು.

ನೀನು ಕಾಲೇಜಿಗೆ ಹೋದ ಮೇಲೆ ನಾನು ಆ ಗೇಮಿನ ಹೊಸ ಕಥೆಯನ್ನು ನೀನು ಉಳಿಸಿಟ್ಟ ಆಟದಲ್ಲೇ ಆಡಿದೆ. ಕಥೆ ಚೆನ್ನಾಗಿದೆ, ಮಾತು ಹಳೆಯ ಭಾಗಕ್ಕಿಂತ ಹರಿತ. ಕೋಟೆಯ ಬಾಗಿಲಿಗೆ ಮುದುಕಿಯೊಬ್ಬಳು ಬಂದು ನೀರು ಕೇಳಿದಳು. ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸಿ ನನಗೆ ಅಭ್ಯಾಸವಿಲ್ಲ, ಒಳಗೆ ಕರೆದೆ. ಅವಳು ರಾಕ್ಷಸಿ. ನೀನು ಮರಿಯಿಂದ ಸಾಕಿದ ತೋಳವನ್ನು ಕೊಂದಳು. ಆಟ ತಾನಾಗಿಯೇ ಸೇವ್ ಆಯಿತು, ಇನ್ನು ಹಿಂದಕ್ಕೆ ಹೋಗಲು ಬರುವುದಿಲ್ಲ.

ಹಿಂದೊಮ್ಮೆ ಆ ತೋಳಕ್ಕೆ ಗಾಯವಾಗಿ ನೀನು ಅತ್ತಾಗ, "ಗೊಂಬಿಗೆಲ್ಲ ಎಂತಕ್ ಮರ್ಕುದ್ ಹೆಣೆ?" ಎಂದು ನೆಂಟರೆದುರು ನಗಾಡಿದ್ದೆ. ಇವತ್ತು ನಾನೇ ಕನ್ನಡಕ ಒರೆಸಿಕೊಂಡೆ.

ಹಾಲಾಡಿಗೆ ಹೋಗಿರುತ್ತೇನೆ. ಅಲ್ಲಿ ನನಗೆ ಎಂತ ಕೆಲಸವೂ ಇಲ್ಲ. ನೀನು ಆಟ ಹಚ್ಚುವಾಗ ಮನೆಯಲ್ಲಿರಲು ಧೈರ್ಯವಾಗಲಿಲ್ಲ.

ಅಪ್ಪಯ್ಯ