ತೆಳು ಅಟ್ಟೆಯ ಶೂ ಹಾಕಿ ಬೆಟ್ಟ ಹತ್ತಿದ್ದು

ಮಾರ್ಚ್ ೯, ಭಾನುವಾರ

ಅಂಗಾಲು ಧಗಧಗ ಉರಿಯುತ್ತಿದೆ. ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಆದರೂ ನಗು ತಡೆಯಲಾಗುತ್ತಿಲ್ಲ.

ಕಾಲು ಮುರಿದ ಮೇಲೆ ಇದೇ ಮೊದಲ ಬೆಟ್ಟ. ಬೆಳಿಗ್ಗೆ ನನ್ನ ಹೊಸ ಶೂ ನೋಡಿ ಅಕ್ಕ ಹೌಹಾರಿದಳು. ರಟ್ಟಿನಷ್ಟು ತೆಳು ಅಟ್ಟೆ, ಬೆರಳು ಹರಡಿಕೊಳ್ಳಲು ಅಗಲ ಜಾಗ, ಅಷ್ಟೇ.

"ಇದೇನೇ, ಶೂನೋ ಕಾಲುಚೀಲನೋ? ಇದಕ್ಕಿಂತ ಬರಿಗಾಲೇ ವಾಸಿ!"

"ನೆಲ ಎಲ್ಲಿದೆ ಅಂತ ಪಾದಕ್ಕೆ ಗೊತ್ತಾದ್ರೆ ನಂಗೆ ಧೈರ್ಯ ಕಣೇ."

ಹತ್ತುವಷ್ಟು ಹೊತ್ತೂ ಅಕ್ಕ ಮೊಟ್ಟೆ ಸಾಗಿಸುವವಳ ಹಾಗೆ ನನ್ನ ತೋಳು ಹಿಡಿದೇ ಇದ್ದಳು. ನನಗೂ ಒಳಗೊಳಗೇ ಪುಕಪುಕ. ಆದರೆ ಒಂದೊಂದು ಬೇರು, ಒಂದೊಂದು ಹರಳೂ ಅಂಗಾಲಿಗೆ ತಿಳಿಯುತ್ತಿತ್ತು. ಹೋಗ್ತಾ ಹೋಗ್ತಾ ಹೆಜ್ಜೆ ತಾನಾಗಿ ಹಗುರಾಯಿತು.

ಇಳಿಯುವಾಗ ದಾರಿ ತುಂಬ ಸಡಿಲ ಕಲ್ಲು. ಅಕ್ಕನ ದಪ್ಪ ಬೂಟು ಜರ್ರೆಂದು ಜಾರಿತು. ಕುಕ್ಕರಿಸಿ ಕುಳಿತೇಬಿಟ್ಟಳು. ಮುಖವೆಲ್ಲ ಬಿಳಿಚಿಕೊಂಡಿತ್ತು.

"ನಂಗಾಗಲ್ಲ ಕಣೇ. ಯಾರನ್ನಾದ್ರೂ ಕರ್ಕೊಂಡು ಬಾ."

"ಯಾರನ್ನೋ ಯಾಕೆ, ನಾನಿಲ್ವಾ? ಕೈ ಕೊಡು."

ಪಾದದಿಂದಲೇ ಕಲ್ಲು ಸವರಿ, ಗಟ್ಟಿಯಿದ್ದ ಕಡೆ ಊರಿ, "ಇಲ್ಲಿಡು, ಈಗ ಇಲ್ಲಿ" ಎನ್ನುತ್ತಾ ಇಳಿಸಿದೆ. ಹುಟ್ಟಿದಾಗಿನಿಂದ ನನ್ನ ಮೇಲೆ ದರ್ಬಾರು ನಡೆಸಿದವಳು, ಇವತ್ತು ನಾನು ಹೇಳಿದಲ್ಲೆಲ್ಲ ಹೆಜ್ಜೆಯಿಟ್ಟಳು. ಬಯಲು ಬಂದ ಮೇಲೂ ಕೈ ಬಿಡಲಿಲ್ಲ. ಬಸ್ಸಿನಲ್ಲೂ ಬಿಡಲಿಲ್ಲ.

ಭಾವನಿಗೆ ಮಾತ್ರ ಹೇಳಕೂಡದೆಂದು ಆಣೆ ಮಾಡಿಸಿಕೊಂಡಿದ್ದಾಳೆ. ಹೇಳುವುದಿಲ್ಲ, ಸರಿ. ಆದರೆ ನಾಳೆ ಅವರು "ಹೇಗಿತ್ತಮ್ಮ ಬೆಟ್ಟ?" ಅಂತ ಕೇಳಿದರೆ, ಅಕ್ಕನ ಮುಖ ನೋಡಿಕೊಂಡು ನಾನು ನಗದೆ ಹೇಗಿರಲಿ?