ಸೂಜಿಯ ಕೆಳಗಿನ ದೋಣಿ

ದಾಂಡೇಲಿ
೨೦ ಜನವರಿ ೨೦೨೫

ಪ್ರೀತಿಯ ನಿರ್ಮಲಾಗೆ,

ನೀನು ಮನೆ ಬಿಟ್ಟು ಮುಂಡಗೋಡಿಗೆ, ನಿನ್ನ ಅಕ್ಕ ಸುನಂದಕ್ಕನ ಮನೆಗೆ ಹೋಗಿ ಎರಡು ವರ್ಷವಾಯಿತು. ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಆಗ ಒಂಬತ್ತಿದ್ದ ನನ್ನ ಸಂಗ್ರಹದ ಹೊಲಿಗೆ ಯಂತ್ರಗಳು ಈಗ ಹದಿನೇಳಾಗಿವೆ. ಮಿಲ್ಲಿನ ಪಾಳಿ ಮುಗಿಸಿ ಬಂದರೆ ಮಂಚದವರೆಗೂ ಅಡ್ಡಡ್ಡ ನಡೆಯಬೇಕು. ಬೈಯಲು ಯಾರೂ ಇಲ್ಲ.

ಹೋದ ವಾರ ನಿಮ್ಮೂರ ಹತ್ತಿರದ ಟಿಬೆಟನ್ ಕಾಲೊನಿಗೆ ಬಂದಿದ್ದೆ. ಅಲ್ಲಿ ಛೋಡೆನ್ ಎಂಬ ಅಜ್ಜಿಯ ಹತ್ತಿರ ಕೈಯಲ್ಲಿ ತಿರುಗಿಸುವ ಕಪ್ಪು ಯಂತ್ರವೊಂದಿದೆ, ಅವಳ ತಾಯಿಯದು. ಕೊಡುತ್ತೀರಾ ಎಂದು ಕೇಳಿದೆ.

‘ಕೊಡಾಂಗಿಲ್ಲ. ಬೇಕಾದ್ರ ನೋಡು,’ ಎಂದಳು.

ನಾನು ಸ್ಕ್ರೂಡ್ರೈವರ್ ತೆಗೆದೆ. ಅಜ್ಜಿ ಕೈ ಹಿಡಿದಳು. ‘ಬಿಚ್ಚಿದ್ರ ಏನ್ ತಿಳೀತೈತಿ? ಅದು ಹೊಲಿಯೂ ಮುಂದ ನೋಡಪಾ.’

ತಳದ ತಗಡು ಸರಿಸಿ, ಮೆಲ್ಲಗೆ ತಿರುಗಿಸಿದಳು. ಮೇಲೆ ಬಿಳಿ ದಾರ, ಕೆಳಗೆ ಕೆಂಪು. ಸೂಜಿ ಇಳಿಯಿತು, ಎಳ್ಳುಕಾಳಿನಷ್ಟು ಮೇಲೆದ್ದಿತು. ಅಷ್ಟಕ್ಕೇ ಬಿಳಿ ದಾರ ಸಡಿಲಾಗಿ ಪುಟ್ಟ ಕುಣಿಕೆಯಾಯಿತು. ದೋಣಿಯಂಥ ಉಕ್ಕಿನ ತುಂಡೊಂದು ಕೆಂಪು ದಾರ ಹೊತ್ತು ಆ ಕುಣಿಕೆಯೊಳಗೆ ನುಸುಳಿ ಹೋಯಿತು. ನಿರ್ಮಲಾ, ಮೈ ಜುಂ ಎಂದಿತು. ಇಪ್ಪತ್ತು ವರ್ಷ ಯಂತ್ರ ಬಿಚ್ಚಿದವನು ಒಂದು ಹೊಲಿಗೆ ಹುಟ್ಟುವುದನ್ನು ಕಂಡಿರಲಿಲ್ಲ! ‘ಇನ್ನೊಮ್ಮಿ ತಿರುಗಸ್ರಿ’ ಎನ್ನುತ್ತ ಮಧ್ಯಾಹ್ನವೆಲ್ಲ ಅಲ್ಲೇ ಕುಳಿತೆ.

ಮನೆಗೆ ಬಂದು ಎಲ್ಲ ಯಂತ್ರಗಳನ್ನೂ ಹಾಗೆಯೇ ನಿಧಾನವಾಗಿ ತಿರುಗಿಸಿ ನೋಡಿದೆ. ಪರದೆಯಲ್ಲಿ ಹೂಬಳ್ಳಿ ತೋರಿಸುವ ಹೊಸ ಕಂಪ್ಯೂಟರ್ ಯಂತ್ರದಲ್ಲಿ ದೋಣಿಯಿಲ್ಲ, ಗಿರಗಿರ ಸುತ್ತುವ ಕೊಕ್ಕೆಯಿದೆ. ಅಷ್ಟೆಲ್ಲ ಬುದ್ಧಿಯಿದ್ದರೂ ಅದು ಕಾಯುವುದು ಅದೇ ಎಳ್ಳುಕಾಳಿನಷ್ಟು ಕುಣಿಕೆಗೆ!

ಕೊನೆಗೆ ನೀನು ಗಿರಾಕಿಗಳಿಗೆ ಹೊಲಿಯುತ್ತಿದ್ದ ಕಾಲುಯಂತ್ರ ನೋಡಿದೆ. ಅದರ ಕೊಕ್ಕೆಯ ತುದಿ ಸವೆದಿದೆ. ನಾಲ್ಕರಲ್ಲಿ ಒಂದು ಕುಣಿಕೆ ತಪ್ಪಿಸಿಕೊಳ್ಳುತ್ತದೆ. ಎದುರು ಮನೆಯ ವಿದ್ಯಾವತಿಯವರು ಬಿಚ್ಚಿಹೋದ ರವಿಕೆ ತಂದು ಜಗಲಿಯ ಮೇಲೆ ಎಸೆದಾಗ, ಅವರೆದುರೇ ‘ನಿನ್ನ ಕಾಲಿಗೆ ತಾಳ ಇಲ್ಲ’ ಎಂದವನು ನಾನು. ನೀನು ಅಳುತ್ತ ಮತ್ತೆ ಹೊಲಿದೆ, ಮತ್ತೆ ಬಿಚ್ಚಿತು. ಗಿರಾಕಿಗಳು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ತಪ್ಪು ನಿನ್ನ ಕಾಲಿನದಾಗಿರಲಿಲ್ಲ.

ಹೊಸ ಕೊಕ್ಕೆ ಹಾಕಿದ್ದೇನೆ. ಭಾನುವಾರ ಯಂತ್ರವನ್ನು ಸುನಂದಕ್ಕನ ಮನೆಗೆ ತಂದಿಡುತ್ತೇನೆ. ನೀನು ಹೊರಗೆ ಬರದಿದ್ದರೂ ಸರಿ.

ನಿನ್ನ
ಉದಯಕುಮಾರ

ತಾ.ಕ.: ಕೊಕ್ಕೆಯ ತುದಿ ಸವೆದಿದೆ ಎಂದು ಬರೆದೆ. ಸುಳ್ಳು. ಚೂಪು ಮಾಡಲು ಹೋಗಿ, ಅರದಿಂದ ಉಜ್ಜಿ ಅದನ್ನು ಗಿಡ್ಡ ಮಾಡಿದವನು ನಾನೇ. ಮೊದಲ ರವಿಕೆ ವಾಪಸು ಬಂದ ದಿನವೇ ನನಗೆ ಅನುಮಾನವಿತ್ತು. ಇವತ್ತು ಬೆಳಿಗ್ಗೆ ವಿದ್ಯಾವತಿಯವರ ಮನೆಗೆ ಹೋಗಿ ಇದನ್ನು ಹೇಳಿದೆ. ‘ನನಗ್ಯಾಕ ಹೇಳ್ತೀರಿ? ಆಕಿಗೆ ಹೇಳ್ರಿ,’ ಎಂದು ಬಾಗಿಲು ಹಾಕಿಕೊಂಡರು.