ಬೆನ್ನು ಹತ್ತಿದ ವೈರಾಣು

ಅಚ್ಚುಕೂಟದ ಮಹಡಿ ಕೋಣೆ,
ಗುರುವಾರ ಮಧ್ಯಾಹ್ನ

ಅಚ್ಚುಮೆಚ್ಚಿನ ಮಗಳೇ,

ಪ್ರೆಸ್ಸಿನವನ ಮಗಳಿಗೆ ಬೇರೆ ಸಂಬೋಧನೆ ಒಪ್ಪುವುದಿಲ್ಲ. ಹೇಗಿದ್ದೀಯ? ಹೊಲಿಗೆ ಒಣಗಿತೇ? ಕೂಸು ಹಗಲೆಲ್ಲ ಮಲಗಿ ರಾತ್ರಿ ಪಾಳಿ ಮಾಡುತ್ತದೆಂದು ನಿನ್ನಮ್ಮ ಹೇಳಿದಳು. ನಮ್ಮ ವಂಶವೇ ಸರಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹಿಂದಿನಿಂದ ಅದರ ಅಳು ಕೇಳಿದರೆ ನನ್ನ ಧೈರ್ಯ ಕರಗಿಹೋಗುತ್ತದೆ. ಅದಕ್ಕೇ ಆ ಕಡೆ ಹೊರಟಿರುವ ಬೈಂಡರ್ ಮಾಮನ ಕೈಯಲ್ಲಿ ಈ ಪತ್ರ.

ನನಗೆ ಬರೀ ಬೆನ್ನುನೋವು, ಭಾನುವಾರ ಕೂಸನ್ನು ಎತ್ತಿಕೊಂಡು ಬಾ ಎಂದು ದೊಡ್ಡಪ್ಪ ನಿನಗೆ ಹೇಳಿದ್ದಾರಂತೆ. ಅರ್ಧ ನಿಜ. ನೋವು ಬೆನ್ನಲ್ಲೇ ಇದೆ, ಹೆಸರು ಸರ್ಪಸುತ್ತು. ಎಡ ಬೆನ್ನಿನಿಂದ ಪಕ್ಕೆಯವರೆಗೆ ನೀರುಗುಳ್ಳೆಗಳ ಸಾಲು, ಅಂಗಿ ತಾಗಿದರೂ ಉರಿ. ಚಿಕ್ಕಂದಿನಲ್ಲಿ ನನಗೆ ಚಿಕನ್‌ಪಾಕ್ಸ್ ಬಂದಿತ್ತಲ್ಲ, ಆ ವೈರಾಣು ಹೋಗಿರಲೇ ಇಲ್ಲ ಎನ್ನುತ್ತಾರೆ ಚರ್ಮದ ಡಾಕ್ಟರಮ್ಮ. ಬೆನ್ನುಹುರಿಯ ಪಕ್ಕದ ನರಗಳಲ್ಲಿ ಮುಸುಕೆಳೆದು ಮಲಗಿದ್ದದ್ದು, ವಯಸ್ಸಾಗಿ ಮೈಯ ಕಾವಲು ಸಡಿಲವಾದ ಸಮಯ ನೋಡಿ ಎದ್ದು, ನರದ ಹಾದಿ ಹಿಡಿದು ಚರ್ಮಕ್ಕೆ ಬಂದಿದೆ. ಬೆನ್ನು ಹತ್ತುವುದು ಎಂದರೆ ಇದೇ ಇರಬೇಕು.

ಅದರ ಕಸುಬು ಕೇಳಿದ ಮೇಲೆ ನೋವಿಗಿಂತ ಕೋಪವೇ ಹೆಚ್ಚಾಯಿತು. ವೈರಾಣುವಿಗೆ ಸ್ವಂತ ಪ್ರೆಸ್ ಇಲ್ಲ, ಮಗಳೇ. ಶಾಯಿಯಿಲ್ಲ, ಕಾಗದವಿಲ್ಲ, ಒಬ್ಬ ಕೆಲಸಗಾರನಿಲ್ಲ. ಇರುವುದೊಂದು ಹಸ್ತಪ್ರತಿ, ಅದಕ್ಕೊಂದು ರಟ್ಟು. ಜೀವಕೋಶದ ಬಾಗಿಲಿಗೆ ಹೊಂದುವ ಕೀಲಿ ತಿರುಗಿಸಿ ಒಳಹೊಕ್ಕು, ಆ ಹಸ್ತಪ್ರತಿ ಚಾಚುತ್ತದೆ. ನಮ್ಮಲ್ಲಿ ನನ್ನ ಸಹಿ ಬೀಳದೆ ಒಂದು ಕರಪತ್ರವೂ ಯಂತ್ರ ಹತ್ತುವುದಿಲ್ಲ. ಕೋಶ ಮಾತ್ರ ಯಾರದೆಂದು ಕೇಳದೆ, ಮನೆಯ ಕೆಲಸ ಬದಿಗಿಟ್ಟು, ತನ್ನದೇ ಸಾಮಗ್ರಿ ಸುರಿದು ಅಚ್ಚು ಹಾಕುತ್ತಲೇ ಇರುತ್ತದೆ. ಕೊನೆಗೆ ಪ್ರತಿಗಳು ತುಂಬಿ ಪ್ರೆಸ್ಸೇ ಕುಸಿಯುತ್ತದೆ. ಪ್ರತಿಗಳು ಹೊರಬಿದ್ದು ಪಕ್ಕದ ಕೋಶಗಳ ಬಾಗಿಲು ತಟ್ಟುತ್ತವೆ. ನನ್ನ ಒಂದೊಂದು ಗುಳ್ಳೆಯೂ ಹೀಗೆ ಕುಸಿದ ಪ್ರೆಸ್ಸುಗಳ ಓಣಿ. ಅದರ ನೀರಿನಲ್ಲಿ ಇನ್ನೂ ಹಂಚದ ಪ್ರತಿಗಳಿವೆ. ಅವನ್ನು ಮೊಮ್ಮಗುವಿಗೆ ಹಂಚಲು ನಾನೇನು ಅದರ ಏಜೆಂಟನೇ?

ನಿನಗೆ ಚಿಕನ್‌ಪಾಕ್ಸ್ ಬಂದಿಲ್ಲ, ಅದರ ಲಸಿಕೆಯೂ ಆಗಿಲ್ಲ. ಹಾಗಾಗಿ ನಿನ್ನಿಂದ ಕೂಸಿಗೆ ಬರಬೇಕಾದ ರಕ್ಷಣೆಯೂ ಇಲ್ಲ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ನೀವಿಬ್ಬರೂ ನನ್ನ ಹತ್ತಿರ ಸುಳಿಯಬಾರದೆಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ. ದೊಡ್ಡಪ್ಪ ನಕ್ಕರು. “ಲೋ, ಮೊಮ್ಮಗು ಮುಖ ನೋಡಿದ್ರೆ ಅರ್ಧ ಕಾಯಿಲೆ ಹೋಗತ್ತೆ ಕಣೋ” ಅಂದರು. “ಹೋಗತ್ತೆ ಅಣ್ಣ, ಮಗು ಮೈಗೇ ಹೋಗತ್ತೆ” ಅಂದೆ. ಅಣ್ಣನಿಗೆ ಎದುರಾಡಿದ್ದು ಇದೇ ಮೊದಲು. ಬೇಕಾದರೆ ಎರಡನೇ ಮುದ್ರಣಕ್ಕೂ ಸಿದ್ಧ.

ಮಾತ್ರೆ ನುಂಗುತ್ತಿದ್ದೇನೆ; ಅದು ವೈರಾಣುವಿನ ನಕಲು ಕೆಲಸಕ್ಕೇ ಅಡ್ಡಗಾಲು ಹಾಕುತ್ತದಂತೆ. ನನ್ನ ಕೆಲಸವನ್ನಂತೂ ಆ ವೈರಾಣುವಿಗೆ ನಿಲ್ಲಿಸಲಾಗಿಲ್ಲ. ಬೆನ್ನಿಗೆ ತೆಳುಬಟ್ಟೆ ಸುತ್ತಿಕೊಂಡು, ಇಲ್ಲಿ ಮಹಡಿಯಲ್ಲೇ ಕೂತು ಕರಡು ತಿದ್ದುತ್ತಿದ್ದೇನೆ.

ನಿಮ್ಮಿಬ್ಬರಿಗೂ ಗಟ್ಟಿರಟ್ಟಿನ ಆಯುಷ್ಯ ಸಿಗಲಿ.

ನಿನ್ನ ಮೊಂಡ
ಅಪ್ಪ

ಮರೆತಿದ್ದೆ: ಭಾನುವಾರ ದೊಡ್ಡಪ್ಪನ ಕಾರು ನಿನ್ನ ಬಾಗಿಲಿಗೇ ಬರುತ್ತದೆ. ನಿನ್ನಮ್ಮ ಅರ್ಧ ಒಪ್ಪಿದ್ದಾಳೆ. ಬೆಳಿಗ್ಗೆ ಕೂಸಿನ ಫೋಟೋ ನೋಡುತ್ತ ನಾನೂ ಕಾಲುಭಾಗ ಒಪ್ಪಿಬಿಟ್ಟಿದ್ದೆ. ನೀನು ಹತ್ತಬೇಡ. ನಾನೇ ಫೋನಿನಲ್ಲಿ ಗೋಗರೆದರೂ ಹತ್ತಬೇಡ.